ಮಾರ್ಲ್ ಕ್ರೀಕ್‌ನ ಪೊಲೀಸ್ ಮುಖ್ಯಸ್ಥ

"ಯಾರು, ವೊಯ್ಟಾನಾ? ಡ್ಯೂಟಿ ಹೊತ್ತಲ್ಲೇ ಕಾರಲ್ಲಿ ಗೊರಕೆ ಹೊಡೀತಾನೆ ಕಣ್ರೀ," ಎಂದು ಕಾಫಿ ಬಗ್ಗಿಸುತ್ತಿದ್ದ ಹೆಂಗಸು ನಕ್ಕಳು. ಅವಳ ಎದೆಯ ಪಟ್ಟಿಯಲ್ಲಿ ರೊಂಡಾ ಎಂದಿತ್ತು.

ಪಕ್ಕದ ಮೇಜಿನಲ್ಲಿದ್ದ ಹಾಲಿನ ಲಾರಿಯವನು ಕುರ್ಚಿ ತಿರುಗಿಸಿದ. "ಸ್ವಂತ ಅತ್ತೆಗೇ ದಂಡ ಹಾಕಿದ ಭೂಪ! ಏನ್ಮಾಡೋದು, ನಮ್ಮ ಕರ್ಮ, ನಾವೇ ಅನುಭವಿಸ್ತೀವಿ ಬಿಡಿ."

ಮೇಜಿನಡಿ ವೆಂಡೆಲ್ ಲೊರೇನಳ ಕಾಲು ತಿವಿದ. ಅವನ ಮುಖದಲ್ಲಿ ಸಂತೋಷ ತುಳುಕುತ್ತಿತ್ತು. ಲೊರೇನ್ ಸಕ್ಕರೆಯೇ ಹಾಕದ ಕಾಫಿಯನ್ನು ಕಲಕುತ್ತಲೇ ಇದ್ದಳು.

ಅವರಿಬ್ಬರ ಊರಾದ ಹಾರ್ಲೋ ಫಾಲ್ಸ್‌ನಲ್ಲಿ ಪೊಲೀಸ್ ಮುಖ್ಯಸ್ಥನನ್ನು ಆರಿಸುವುದು ಮೇಯರ್ ಅಲ್ಲ, ಊರಿನ ಐದು ಜನರ ಆಯೋಗ. ಕೊನೆಗೆ ಇಬ್ಬರು ಉಳಿದಿದ್ದರು: ಅಲ್ಲಿಯವನೇ ಆದ ಪೊಲೀಸ್ ಲೆಫ್ಟಿನೆಂಟ್ ಸ್ಕಾರ್, ಮತ್ತು ಈ ಮಾರ್ಲ್ ಕ್ರೀಕ್‌ನ ಮುಖ್ಯಸ್ಥ ವೊಯ್ಟಾ. ವೆಂಡೆಲ್ ಸೇರಿ ಇಬ್ಬರು ಸ್ಕಾರ್ ಕಡೆ, ಇನ್ನಿಬ್ಬರು ವೊಯ್ಟಾ ಕಡೆ. ಉಳಿದದ್ದು ಲೊರೇನಳ ಮತ. ಹೊರಗಿನವನಾದರೆ ಇಬ್ಬರು ಸದಸ್ಯರು ಅವನ ಊರಿಗೆ ಹೋಗಿ, ತಾವು ಯಾರೆಂದು ಹೇಳದೆ ಹೋಟೆಲಿನಲ್ಲಿ ಕೂತು ನಾಲ್ಕು ಮಾತು ಕೇಳಿ ಬರಬೇಕೆಂಬುದು ಆಯೋಗದ ರೂಢಿ. ವೆಂಡೆಲ್ ಮಾತ್ರ ತಮ್ಮ ಊರಿನ ಹೆಸರು ಹೊಲಿಸಿದ್ದ ಟೊಪ್ಪಿ ಹಾಕಿಕೊಂಡೇ ಬಂದಿದ್ದ.

ಲೊರೇನ್ ಬಂದದ್ದು ತಂಗಿ ಗೇಲ್‌ಗೋಸ್ಕರ. ಬಿಟ್ಟ ಗಂಡ ಈ ಚಳಿಗಾಲದಲ್ಲಿ ಎರಡು ಸಲ ಗೇಲ್‌ಳ ಬಾಗಿಲು ಒದ್ದಿದ್ದ. ಎರಡು ಸಲವೂ ಸ್ಕಾರ್ ಬಂದು, ಅವನ ಹೆಗಲ ಮೇಲೆ ಕೈಹಾಕಿ ಮನೆಗೆ ಬಿಟ್ಟು ಹೋಗಿದ್ದ. "ಕುಡಿದಿದ್ದಾನೆ, ಬೆಳಗ್ಗೆ ಸರಿ ಹೋಗ್ತಾನೆ." ಗೇಲ್ ಈಗ ಊಟದ ಮೇಜನ್ನು ಬಾಗಿಲಿಗೆ ಒತ್ತಿಟ್ಟು ಮಲಗುತ್ತಾಳೆ. ಈ ವೊಯ್ಟಾ ಆದರೂ ಬೇರೆ ಥರದವನೇನೋ ಎಂದುಕೊಂಡಿದ್ದಳು. ಇಲ್ಲಿ ನೋಡಿದರೆ ಗೊರಕೆಯವನು.

ಕೈ ತೊಳೆಯುವ ನೆಪದಲ್ಲಿ ಎದ್ದಳು. ರೊಂಡಾ ಹಿಂದೆಯೇ ಬಂದು ಬಾಗಿಲು ಮುಚ್ಚಿದಳು.

"ಅವನನ್ನ ಕರ್ಕೊಂಡು ಹೋಗೋಕೆ ಬಂದಿರೋದಲ್ವಾ ನೀವು? ಆ ಟೊಪ್ಪಿ ನೋಡಿದ ತಕ್ಷಣ ಎಲ್ಲರಿಗೂ ಗೊತ್ತಾಯ್ತು."

ಲೊರೇನ್ ನಲ್ಲಿ ತಿರುಗಿಸಿದಳು.

"ನಾವು ಹೇಳಿದ್ದೆಲ್ಲಾ ಸುಳ್ಳು ಕಣಮ್ಮಾ. ಕಾರಲ್ಲಿ ಮಲಗ್ತಾನೆ ಅನ್ನೋದೊಂದು ನಿಜ. ಎಲ್ಲಿ ಗೊತ್ತಾ? ನಮ್ಮನೆ ಎದುರಿಗೆ. ನನ್ನ ಗಂಡ ಜೈಲಿಂದ ಬಿಡುಗಡೆ ಆದಾಗಿಂದ, ಅವನು ನನ್ನ ಹತ್ರ ಬರದ ಹಾಗೆ. ಡ್ಯೂಟಿ ಮುಗಿದ ಮೇಲೆ, ತನ್ನ ಕಾರಲ್ಲಿ." ಅವಳು ಏಪ್ರನ್ನಿಗೆ ಒಣ ಕೈಗಳನ್ನೇ ಒರೆಸಿಕೊಂಡಳು. "ನಿಮಗೆ ಬೇರೆ ಯಾರಾದ್ರೂ ಸಿಗ್ತಾರೆ. ನನಗೆ ಅವನೊಬ್ಬನೇ. ಬಿಟ್ಬಿಡಿ, ದಮ್ಮಯ್ಯ ಅಂತೀನಿ."

ಲೊರೇನ್ ಅವಳ ಮೊಣಕೈ ಹಿಡಿದಳು. ಏನಾದರೂ ಹೇಳಬೇಕಿತ್ತು. "ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ," ಎಂದಳು.

ರೊಂಡಾಳ ಮುಖ ಅರಳಿತು. "ಗೊತ್ತಿತ್ತು. ನಿಮ್ಮ ಮುಖ ನೋಡಿದಾಗಲೇ ಗೊತ್ತಿತ್ತು."

ಹೊರಗೆ ಮಾರ್ಚ್ ತಿಂಗಳ ಹಿಮ ಕರಗಿ ರಾಡಿಯಾಗಿತ್ತು. ವೆಂಡೆಲ್ ಕಾರು ಚಾಲೂ ಮಾಡುವಷ್ಟರಲ್ಲಿ ರೊಂಡಾ ಕೋಟೂ ಇಲ್ಲದೆ ಓಡಿ ಬಂದು ಕಿಟಕಿ ತಟ್ಟಿದಳು. "ಚೆರ್ರಿ ಪೈ. ಈಗ ತಾನೇ ಓವನ್ನಿಂದ ತೆಗೆದೆ. ದಾರಿಗಿರ್ಲಿ." ಡಬ್ಬಿಯನ್ನು ಲೊರೇನಳ ತೊಡೆಯ ಮೇಲಿಟ್ಟು, ಅವಳ ಕೈ ಒತ್ತಿ, ಹಿಂದೆ ಸರಿದು ನಿಂತಳು.

ಸೇತುವೆ ದಾಟಿದ ಮೇಲೆ ವೆಂಡೆಲ್ ಗಂಟಲು ಸರಿಮಾಡಿಕೊಂಡ. "ಸರಿ, ಇನ್ನೇನು ಮಾತಿದೆ? ನಮ್ಮ ಸ್ಕಾರೇ ಗಟ್ಟಿ ಅನ್ನು."

"ಇಲ್ಲ. ನನ್ನ ಮತ ವೊಯ್ಟಾಗೆ."

"ತಲೆ ಕೆಟ್ಟಿದ್ಯಾ ಮಾರಾಯ್ತಿ? ಇಡೀ ಊರು ಉಗೀತಿದೆ!"

"ಕೇಳಿಸ್ಕೊಂಡೆ ವೆಂಡೆಲ್."

ಅವನು ಒಂದಷ್ಟು ಗೊಣಗಿದ. ಆಮೇಲೆ ಮೂಗರಳಿಸಿ, "ಅದನ್ನಾದ್ರೂ ಬಿಚ್ಚು, ಘಮ ಘಮ ಅಂತಿದೆ," ಎಂದ.

ಅವಳು ಬಿಚ್ಚಲಿಲ್ಲ. ಡಬ್ಬಿಯ ತಳ ಪ್ಯಾಂಟಿನ ಮೂಲಕ ತೊಡೆಯನ್ನು ಸುಡುತ್ತಿತ್ತು. ಹಿಂದಿನ ಸೀಟು ಪೂರ್ತಿ ಖಾಲಿಯಿತ್ತು; ಆದರೂ ಅವಳು ಡಬ್ಬಿಯನ್ನು ಅಲ್ಲಿಗೆ ಸರಿಸಲಿಲ್ಲ.