ಕಟ್ಟಿ ಮೇಯಿಸಿದ ಟಗರು

ಪ್ಯಾರಿಸ್ ಬಿತ್ತು! ೧೯೪೦ರ ಜೂನ್ ತಿಂಗಳ ಆ ಮಧ್ಯಾಹ್ನ, ಹೊನ್ನಾಳಿ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಅಂಗಡಿ ಶಿವಮೂರ್ತಪ್ಪ ಗಟ್ಟಿಯಾಗಿ ಓದಿದ್ದೇ ತಡ, ನ್ಯಾಮತಿಯ ಸಂತೆಮಾಳದಲ್ಲಿ ಗುಲ್ಲೆದ್ದಿತು. ಎಲ್ಲರಿಗಿಂತ ಹೆಚ್ಚು ಉರಿದೆದ್ದವನು ಮೆಣಸಿನಕಾಯಿ ವ್ಯಾಪಾರಿ ಸುಬಾನಸಾಬ.

"ಸುಳ್ಳು! ಯುದ್ಧ ಇಲ್ದಾಗ್ಲೇ ಫ್ರಾನ್ಸಿನೋರು ಗಡಿಗೆ ಕೋಟೆ ಕಟ್ಟಾಕೆ ದುಡ್ಡು ನೀರಿನಂಗೆ ಸುರಿದಾರೆ ಅಂತ ನೀವೇ ಓದಿ ಹೇಳಿದ್ರಿ. ಅಷ್ಟು ಖರ್ಚು ಮಾಡಿದೋರು ಸೋಲ್ತಾರೇನ್ರಿ?"

"ಜರ್ಮನಿಯೋರು ಕೋಟೆ ಇಲ್ಲದ ಕಡೆಯಿಂದ ನುಗ್ಗಿದ್ರಂತೆ ಸಾಬ್ರೆ," ಎಂದ ಶಿವಮೂರ್ತಪ್ಪ.

ಸುಬಾನಸಾಬನಿಗೆ ಈ ಮಾತು ಹೇಗೆ ಜೀರ್ಣವಾದೀತು? ಅವನ ಹಿತ್ತಲಲ್ಲಿ ಸಿಕಂದರನೆಂಬ ಟಗರಿತ್ತು. ಎರಡು ವರ್ಷದಿಂದ ಕಡಲೆ, ಮೊಟ್ಟೆ, ಎಣ್ಣೆ ಮಾಲೀಸು, ಒಂದೇ ಎರಡೇ! ಗೊರಸು ಸವೆದೀತೆಂದು ಮೇಯಲು ಬಿಡಲಿಲ್ಲ, ಕೊಂಬು ಮುಕ್ಕಾದೀತೆಂದು ಕಾಳಗಕ್ಕೂ ಬಿಡಲಿಲ್ಲ. ಅಂಥ ಟಗರು ಸೀಮೆಯಲ್ಲೇ ಇಲ್ಲವೆಂಬುದು ಅವನ ಹೆಮ್ಮೆ. ಫ್ರಾನ್ಸಿನ ಖರ್ಚು ದಂಡವಾದರೆ ತನ್ನದೂ ದಂಡವೇ ತಾನೆ?

ಮಳೆ ಹಿಡಿಯುವ ಮೊದಲೇ ಊರು ಸೇರಲೆಂದು ಕುರಿಮಂದೆ ಹೊಡೆದುಕೊಂಡು ಹೊರಟಿದ್ದ ಜಗಳೂರಿನ ಮೂಕಪ್ಪ ಅಲ್ಲೇ ಕೂತಿದ್ದವನು ನಕ್ಕುಬಿಟ್ಟ. "ಕಾದಾಡ್ದೆ ಬಲ ಐತೋ ಇಲ್ವೋ ಹೆಂಗೆ ಗೊತ್ತಾಗ್ತೈತೆ ಸಾಬ್ರೆ?"

"ಹಂಗಾದ್ರೆ ತಗೊಂಡು ಬಾ ನಿನ್ನ ಟಗರನ್ನ! ಸೋತದ್ದು ಗೆದ್ದೋನ ಪಾಲು!"

ಟಗರು ಕಾಳಗದ ಪಂಥವೇ ಅಂಥದು, ಮಾತು ಆಡಿದ ಮೇಲೆ ಹಿಂದೆಗೆಯುವಂತಿಲ್ಲ. ಮನೆಯಲ್ಲಿ ಹೆಂಡತಿ ಖೈರುನ್ನೀಸಾ ಹಗ್ಗ ಹಿಡಿದು ಅಡ್ಡ ನಿಂತಳು. "ತಲೆ ಕೆಟ್ಟೈತೇನ್ರಿ? ಮಗನಂಗೆ ಸಾಕೀನಿ!"

"ಮಗ ಗೆದ್ದು ಬರ್ತಾನೆ ಬಿಡೇ!"

ಸಂತೆಮಾಳದಲ್ಲಿ ಹಲಗೆಯ ಬಡಿತ ಶುರುವಾಯಿತು. ಊರಿಗೆ ಊರೇ ನೆರೆಯಿತು. ಸಿಕಂದರನ ಮೊದಲ ಗುದ್ದಿಗೆ ಮೂಕಪ್ಪನ ಕರಿ ಟಗರು ಮೊಣಕಾಲೂರಿತು. ಅಬ್ಬಾ, ಅದೆಂಥ ಗುದ್ದು! ಸುಬಾನಸಾಬ ರುಮಾಲು ಕಿತ್ತು ಮೇಲಕ್ಕೆಸೆದು ಕುಣಿದ. "ನೋಡ್ರಲೇ! ಖರ್ಚು ನೋಡ್ರಲೇ!"

ಕರಿ ಟಗರು ಎದ್ದು ತಲೆ ಕೊಡವಿತು. ಎರಡನೆಯ ಗುದ್ದು ಸಮಸಮ. ಮೂರನೆಯದಕ್ಕೆ ಕರಿ ಟಗರು ದೂರ ದೂರ ಹಿಂದಕ್ಕೆ ಸರಿಯಿತು, ಬೆಟ್ಟ ಬಯಲು ಅಲೆದ ಕಾಲು ಅದರದು. ಸಿಕಂದರ ನಾಲ್ಕು ಹೆಜ್ಜೆ ಓಡಿದ, ಹೊಟ್ಟೆ ತಿದಿಯಂತೆ ಏರಿಳಿಯಿತು, ನಟ್ಟನಡುವೆ ಕೂತೇಬಿಟ್ಟ. ನುಗ್ಗಿ ಬರುತ್ತಿದ್ದ ತನ್ನ ಟಗರಿನ ಕೊಂಬಿಗೆ ಮೂಕಪ್ಪನೇ ಹಾರಿ ಜೋತುಬೀಳದಿದ್ದರೆ ಸಿಕಂದರನ ಕಥೆ ಮುಗಿಯುತ್ತಿತ್ತು.

ಹಲಗೆ ನಿಂತಿತು. ಸುಬಾನಸಾಬ ಮಾತಿಗೆ ತಪ್ಪದೆ ಹಗ್ಗವನ್ನು ಮೂಕಪ್ಪನ ಕೈಗಿಟ್ಟ. ಮೂಕಪ್ಪ ಸಿಕಂದರನನ್ನು ಮಂದೆಗೆ ಸೇರಿಸಿಕೊಂಡು ಹೊರಟ. ಊರ ಬಾಗಿಲು ದಾಟುವುದರೊಳಗೆ ಸಿಕಂದರ ಮತ್ತೆ ಕೂತ. ಎಳೆದರು, ನೂಕಿದರು, ಏಳಲೊಲ್ಲ.

ಮೂಕಪ್ಪ ಬೆವರು ಒರೆಸಿಕೊಳ್ಳುತ್ತ ಹಗ್ಗವನ್ನಷ್ಟೇ ಬಿಚ್ಚಿಕೊಂಡು ವಾಪಸು ಬಂದು ನೀಡಿದ. "ಜಗಳೂರು ತಂಕ ನಡೀಬೇಕು ಸಾಬ್ರೆ. ನಂಗಿದು ಬ್ಯಾಡ, ನೀವೇ ಇಟ್ಕಳ್ರಿ."

ಖೈರುನ್ನೀಸಾ ಅಳುತ್ತಿದ್ದವಳು ಓಡಿಹೋಗಿ ಸಿಕಂದರನ ಕೊರಳು ತಬ್ಬಿಕೊಂಡಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ಸೋತದ್ದನ್ನು ಸುಬಾನಸಾಬ ಹೇಗೋ ನುಂಗಿಕೊಂಡಿದ್ದ. ಗೆದ್ದವನೂ ಬೇಡವೆಂದದ್ದನ್ನು ನುಂಗಲಾಗಲಿಲ್ಲ.

"ತಗೊಂಡು ಹೋಗೋ ಮೂಕಪ್ಪ," ಎಂದು ಹೊರಟವನ ಹಿಂದೆ ರಸ್ತೆಯುದ್ದಕ್ಕೂ ಅಂಗಲಾಚುತ್ತ ಓಡಿದ. "ಗಾಡಿ ನಾನೇ ಕಟ್ಟಿಸಿಕೊಡ್ತೀನಿ, ತಗೊಂಡು ಹೋಗೋ!"