ಸಾಕು ಎನ್ನುವವಳು

"ನಿಲ್ಲಿ, ನಿಲ್ಲಿ! ಕಬ್ಬಿಣ ಅಡ್ಡ ಇದೆ!"

ಗುತ್ತಿಗೆದಾರ ಕೂಗಿದ್ದಕ್ಕೆ ಅಮ್ಮನ ಶವಪೆಟ್ಟಿಗೆ ಹೊತ್ತವರು ಒಳಬಾಗಿಲಲ್ಲೇ ನಿಂತರು. ಹಿಂದೆ ಬರುತ್ತಿದ್ದ ಮಗಳೂ ನಿಂತಳು. ಮನೆಯಿಂದ ಬೀದಿಗೆ ಇಳಿಯಬೇಕಾದರೆ ವರ್ಕ್‌ಶಾಪನ್ನು ದಾಟಲೇಬೇಕು. ಅಲ್ಲಿ ಮೂರು ಉರುಳೆಗಳ ಯಂತ್ರದಲ್ಲಿ, ಚಾವಣಿಯ ಕಮಾನಿಗೆಂದು ಏರಿಸಿದ್ದ ದಪ್ಪ ಕಬ್ಬಿಣದ ಪಟ್ಟಿ ಅರ್ಧ ಬಾಗಿ, ಎದೆಮಟ್ಟದಲ್ಲಿ ದಾರಿಗಡ್ಡ ಚಾಚಿಕೊಂಡಿತ್ತು. ಅಮ್ಮ ಕುಸಿದಾಗ ಬಿಟ್ಟದ್ದು, ಹಾಗೇ ಇತ್ತು.

"ಮೇಸ್ತ್ರಿ, ಒಂದು ಸಲ ತಿರುಗಿಸಿಬಿಡಿ. ದಾರೀನೂ ಆಗುತ್ತೆ, ನನ್ನ ಕಮಾನೂ ಆಗುತ್ತೆ. ನಿಮಗಿದು ಎಡಗೈ ಆಟ."

"ಮನೇಲಿ ಹೆಣ ಇದೆ, ಇವನಿಗೆ ಕಮಾನಿನ ಚಿಂತೆ," ಸೋದರತ್ತೆ ಗೊಣಗಿದಳು.

ಅಪ್ಪ ಹಿಡಿಗೆ ಕೈ ಹಾಕಿದ. ಹಾಕಿ, ರೂಢಿಯಂತೆ ಯಂತ್ರದ ಆಚೆ ಬದಿಗೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಏನನ್ನು ಹುಡುಕಿದನೆಂದು ಮಗಳಿಗೆ ಮಾತ್ರ ತಿಳಿಯಿತು.

*

ಅಪ್ಪ ಹಿಡಿ ತಿರುಗಿಸುವಾಗ ಅಮ್ಮ ಆ ಬದಿಯಲ್ಲಿ ನಿಂತು, ಸರಿಯುವ ಕಬ್ಬಿಣದ ಮೇಲೆ ಅಂಗೈ ಇಟ್ಟಿರುತ್ತಿದ್ದಳು. ಉರುಳೆ ಬಿಟ್ಟ ಕೂಡಲೇ ಕಬ್ಬಿಣ ಕೊಂಚ ಹಿಂದಕ್ಕೆ ನೆಟ್ಟಗಾಗುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಗ್ಗಿಸಬೇಕು. ಆ 'ತುಸು' ಎಷ್ಟೆಂಬುದು ಅವಳ ಅಂಗೈಗೆ ಗೊತ್ತಿತ್ತು. "ಸಾಕು ಕಣ್ರೀ," ಅನ್ನುತ್ತಿದ್ದಳು. ಅಪ್ಪ ನಿಲ್ಲಿಸುತ್ತಿದ್ದ. ಹೊರಗೆ ಗಿರಾಕಿಯ ಗಾಡಿ ನಿಂತ ಸದ್ದಾದರೆ ಪೊರಕೆ ಎತ್ತಿಕೊಂಡು ಮೂಲೆ ಗುಡಿಸತೊಡಗುತ್ತಿದ್ದಳು.

"ನೀನೇ ಮಾಡಿದ್ದು ಅಂತ ಹೇಳಬಾರದೇನಮ್ಮ?" ಮಗಳು ಒಮ್ಮೆ ಕೇಳಿದ್ದಳು.

"ಹೇಳಬೇಕಾದೋರು ಹೇಳಬೇಕು. ನಾನೇ ಹೇಳ್ಕೊಂಡ್ರೆ ಏನು ಚೆನ್ನ?"

ಪಕ್ಕದಲ್ಲೇ ಇದ್ದ ಅಪ್ಪ ಸುಮ್ಮನೆ ಕೆಮ್ಮಿದ್ದ. ಮಗಳೂ ಮತ್ತೆ ಕೇಳಲಿಲ್ಲ. ಗೆಳತಿಯರಿಗೆ "ಅಮ್ಮ ಮನೇಲಿರ್ತಾಳೆ" ಅಂದುಬಿಡುವುದು ಅವಳಿಗೂ ಸಲೀಸಾಗಿತ್ತು.

*

ಅಪ್ಪ ಮೇಲಿನ ಉರುಳೆಯನ್ನು ಬಿಗಿ ಮಾಡಿ ತಿರುಗಿಸಿದ. ಕಬ್ಬಿಣ ನರಳುತ್ತ ಬಾಗಿತು. ಇನ್ನೂ ಬಾಗಿತು. ಅವನು ಕಿವಿಗೊಟ್ಟವನಂತೆ ತಿರುಗಿಸುತ್ತಲೇ ಇದ್ದ. ಪಟ್ಟಿ ಯಂತ್ರದ ಕಾಲಿಗೆ ತಗುಲಿ ಸಿಕ್ಕಿಕೊಂಡಾಗ ಕಮಾನು ಹೋಗಿ ಟಗರಿನ ಕೊಂಬಾಗಿತ್ತು. ಬಾಲ ಇನ್ನೂ ದಾರಿಗಡ್ಡವೇ ಇತ್ತು.

"ಪಾಪ, ದುಃಖದಲ್ಲಿ ಕೈ ಹಿಡಿತ ತಪ್ಪಿದೆ," ಅಂದ ಗುತ್ತಿಗೆದಾರ.

"ಹಿಡಿತ ಇದ್ದದ್ದು ಅವಳಿಗೆ," ಅಪ್ಪನ ದನಿ ಒಡೆಯಿತು. "ನಿಮ್ಮ ಕಮಾನುಗಳೆಲ್ಲ ಅವಳವೇ. ನಾನು ಬರೀ ತಿರುಗಿಸ್ತಿದ್ದೆ."

ಗುತ್ತಿಗೆದಾರ ಕಣ್ಣೊರೆಸಿಕೊಂಡ.

"ಕೇಳಿದ್ರಾ? ಗಂಡ ಅಂದ್ರೆ ಹೀಗಿರಬೇಕು! ತನ್ನ ಹೆಸರನ್ನೆಲ್ಲ ಅವಳಿಗೇ ಕೊಟ್ಟುಬಿಟ್ಟ, ಪುಣ್ಯಾತ್ಮ."

"ಅಲ್ರೀ, ನಿಜವಾಗ್ಲೂ..."

"ಗೊತ್ತು ಬಿಡಿ ಮೇಸ್ತ್ರಿ, ಗೊತ್ತು."

ಅಪ್ಪ ಮಗಳತ್ತ ನೋಡಿದ. ಎಲ್ಲರೂ ನೋಡಿದರು. ಹೌದು, ಅಮ್ಮನೇ ಮಾಡಿದ್ದು ಎನ್ನಲು ಅವಳು ಬಾಯಿ ತೆರೆದಳು. ಅಷ್ಟೊಂದು ಮುಖಗಳ ಎದುರು ಅವಳು ತಲೆ ತಗ್ಗಿಸಿದಳು. ಅಳುತ್ತಿದ್ದಾಳೆ ಎಂದುಕೊಂಡು ಸೋದರತ್ತೆ ಅವಳನ್ನು ತಬ್ಬಿಕೊಂಡಳು.

ಹೊತ್ತವರು ಪೆಟ್ಟಿಗೆಯನ್ನು ಮೊಣಕಾಲಿನವರೆಗೆ ಇಳಿಸಿ, ಒಬ್ಬೊಬ್ಬರಾಗಿ ಬೆನ್ನು ಬಗ್ಗಿಸಿ ಕಬ್ಬಿಣದಡಿ ನುಸುಳಿದರು. ಗುತ್ತಿಗೆದಾರ ಅಪ್ಪನ ಬೆನ್ನು ತಟ್ಟುತ್ತಲೇ ಇದ್ದ. ತಟ್ಟಿದಷ್ಟೂ ಅಪ್ಪ ಹಿಡಿಯ ಮೇಲೆ ಇಷ್ಟಿಷ್ಟೇ ಬಾಗುತ್ತ ಹೋದ.