ಮೊದಲು ವೈ-ಫೈ ಬಂದ್ ಮಾಡಿ

ಹಸಿರು ದೀಪ ಮಿಣುಕುತ್ತಿದೆ, ಕೇಬಲ್ ಸರಿಯಾಗಿಯೇ ಕೂತಿದೆ, ಆದರೂ ಪರದೆಯ ಮೇಲೆ ಅದೇ ಹಾಡು, ಯಂತ್ರ ಸಿಗಲಿಲ್ಲ, ಯಂತ್ರ ಸಿಗಲಿಲ್ಲ — ಎರಡು ಮೊಳ ದೂರದಲ್ಲಿ ಆನೆಯಂತೆ ನಿಂತಿದೆ ಮಾತ್ರೆ ಪ್ಯಾಕ್ ಮಾಡುವ ಯಂತ್ರ, ಲ್ಯಾಪ್‌ಟಾಪಿಗೆ ಕಾಣುವುದಿಲ್ಲವಂತೆ, ಬೆನ್ನ ಹಿಂದೆ ಮೇಲ್ವಿಚಾರಕರು ಕೈಕಟ್ಟಿ ನಿಂತು ಏನಾಯ್ತು ಮೇಡಂ, ಕೇಬಲ್ ಹೋಗಿದ್ಯಾ ಎಂದರು, ಇರಬಹುದು ಸರ್, ಇನ್ನೊಂದು ಹಾಕಿ ನೋಡ್ತೀನಿ ಎಂದೆ, ಹಸಿ ಸುಳ್ಳು. ಏನಾಗಿದೆ ಎಂದು ನನಗೆ ಗೊತ್ತು. ಈ ಲ್ಯಾಪ್‌ಟಾಪಿಗೆ ಎರಡು ಬಾಗಿಲು, ಒಂದು ಕೇಬಲ್ಲಿನದು, ಒಂದು ವೈ-ಫೈಯದು, ಯಂತ್ರಕ್ಕೆ ಹೊಸ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಬುದ್ಧಿ, ತುಂಬುವ ಈ ಪೆದ್ದು ತಂತ್ರಾಂಶ ಮೊದಲು ಕಂಡ ಬಾಗಿಲಲ್ಲಿ ತಲೆ ಹಾಕಿ ಕೂಗುತ್ತದೆ, ಯಂತ್ರ ಇರುವುದು ಇನ್ನೊಂದರಾಚೆ. ವೈ-ಫೈ ಬಂದ್ ಮಾಡಿದರೆ ಮುಗಿಯಿತು. ಈ ಯಂತ್ರ ಮಾರಿದ ನಮ್ಮ ಕಂಪನಿಯ ಕೈಪಿಡಿಯಲ್ಲಿ ಆ ಸಾಲು ಬರೆದವಳೇ ನಾನು, ದಪ್ಪ ಅಕ್ಷರದಲ್ಲಿ, ಮರೆತವರಿಗೆ ಫೋನಿನಲ್ಲಿ ಬೈದವಳೂ ನಾನೇ, ಪುರಾಣ ಹೇಳೋಕೆ ಬದನೆಕಾಯಿ ತಿನ್ನೋಕೆ.

ಆದರೆ ಅಕ್ಕನ ಸುದ್ದಿ ಬರುವುದು ಆ ವೈ-ಫೈಯಲ್ಲೇ. ಒಂಬತ್ತಕ್ಕೆ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ್ರು ಎಂದು ಭಾವ ಬರೆದಿದ್ದರು, ಹೃದಯದ ಕವಾಟ, ಮೂರು ಗಂಟೆ ಸಾಕು ಎಂದಿದ್ದರು ಡಾಕ್ಟರು, ಈಗ ಎರಡೂ ಹತ್ತು, ಐದು ಗಂಟೆ ದಾಟಿತು, ಈ ಔಷಧ ಕಾರ್ಖಾನೆಯಲ್ಲಿ ಫೋನು ಒಳಗೆ ಬಿಡುವುದಿಲ್ಲ, ನನ್ನದು ಗೇಟಿನ ಪೆಟ್ಟಿಗೆಯಲ್ಲಿದೆ, ಉಳಿದಿರುವುದು ಪರದೆಯ ಮೂಲೆಯ ಈ ಸಂದೇಶದ ಕಿಟಕಿ ಒಂದೇ. ನಿನ್ನೆ ಅಕ್ಕ ಆಸ್ಪತ್ರೆಯ ಹಾಸಿಗೆಯಲ್ಲಿ ಕಾಲು ಮಡಚಿ ಕೂತು, ನೀನು ಬಂದು ಏನ್ ಮಾಡ್ತೀಯ, ಡಾಕ್ಟರಿಗೆ ಕೇಬಲ್ ಹಿಡ್ಕೊಡ್ತೀಯಾ, ಹೋಗೇ, ಕೆಲಸ ನೋಡ್ಕೋ ಎಂದು ನಕ್ಕಳು, ನಾನೂ ನಕ್ಕೆ, ಬಂದೇಬಿಟ್ಟೆ, ಒಂದು ರಜೆ ಕೇಳಲು ನನಗೆ ಬಾಯಿರಲಿಲ್ಲವೇ — ನನ್ನ ಹಲ್ಲು ಕೀಳಿಸಿದ ದಿನ ಪರೀಕ್ಷೆ ಬಿಟ್ಟು ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದಳು ಅವಳು, ಬರೀ ಒಂದು ಹಲ್ಲಿಗೆ. ನಾಚಿಕೆಯಾಗುತ್ತದೆ.

ಮೇಡಂ, ಇದು ಮೂರನೇ ಕೇಬಲ್ಲು. ಹೌದು ಸರ್. ಗೋಡೆಯ ಪಕ್ಕ ಟೋಪಿ ಹಾಕಿಕೊಂಡ ಪ್ಯಾಕಿಂಗ್ ಹೆಂಗಸರು ಸಾಲಾಗಿ ಕೂತಿದ್ದಾರೆ, ಒಬ್ಬಳು ಪಕ್ಕದವಳಿಗೆ, ಇವತ್ತೂ ಲೇಟಾದ್ರೆ ನನ್ನ ಮಗೂನ ಶಾಲೆಯಿಂದ ಯಾರೇ ಕರ್ಕೊಂಡು ಬರ್ತಾರೆ ಎನ್ನುತ್ತಿದ್ದಾಳೆ, ಅದು ನನಗೇ ನಾಟಿತು, ಆ ಎರಡು ಬಾಗಿಲುಗಳ, ಅಡಾಪ್ಟರುಗಳ ಪಟ್ಟಿ ತೆರೆದೆ, ಬಾಣವನ್ನು ವೈ-ಫೈ ಮೇಲೆ ಇಟ್ಟೆ, ಆಗ ಮೂಲೆಯಲ್ಲಿ, ಭಾವ ಟೈಪ್ ಮಾಡುತ್ತಿದ್ದಾರೆ, ಮೂರು ಚುಕ್ಕೆ. ಕಾದೆ. ನಿಂತವು. ಮತ್ತೆ ಬಂದವು, ಮತ್ತೆ ನಿಂತವು, ಮೇಡಂ ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳ್ಬಿಡಿ ಎಂದರು ಹಿಂದಿನಿಂದ, ಬೆಚ್ಚಿ ಬೆರಳು ಒತ್ತಿಬಿಟ್ಟಿತು, ಅದೇ ಗಳಿಗೆಗೆ ಮೂರನೇ ಸಲ ಚುಕ್ಕೆಗಳು, ಕಿಟಕಿ ಮಂಕಾಯಿತು, ಚುಕ್ಕೆಗಳು ಅಲ್ಲೇ ನಿಂತುಬಿಟ್ಟವು.

ಸಿಕ್ತಲ್ಲ ಮೇಡಂ, ಏನ್ ಮಾಡಿದ್ರಿ ಎಂದು ಖುಷಿಯಾದರು ಮೇಲ್ವಿಚಾರಕರು, ಯಂತ್ರ ಸಿಕ್ಕಿತು, ಪ್ರತಿಶತ ಮೂರು, ನಾಲ್ಕು, ಇನ್ನು ಹದಿನಾಲ್ಕು ನಿಮಿಷ ಮುಟ್ಟುವಂತಿಲ್ಲ, ಈಗ ವೈ-ಫೈ ಹಚ್ಚಿದರೆ ತಂತ್ರಾಂಶ ಮತ್ತೆ ಆ ಬಾಗಿಲಿಗೆ ಓಡುತ್ತದೆ, ಅರ್ಧ ತುಂಬಿದ ಯಂತ್ರ ಬರೀ ಡಬ್ಬ, ಬಿಟ್ಟು ಗೇಟಿಗೆ ಓಡುವಂತೆಯೂ ಇಲ್ಲ. ಪ್ರತಿಶತ ಒಂಬತ್ತು. ಭಾವ ಒಂದೇ ಬೆರಳಿನ ಮನುಷ್ಯ, ಸರಿ, ಬಂದೆ, ಆಯ್ತು, ಎಲ್ಲ ಒಂದೊಂದು ಪದ, ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನನಗೆ ಎರಡು ಸಾಲು ಬರೆದವರಲ್ಲ, ಹನ್ನೊಂದು, ಅಕ್ಷರ ತಪ್ಪಿರಬೇಕು ಅಷ್ಟೇ, ಖುಷಿಯಲ್ಲೂ ತಪ್ಪುತ್ತದೆ, ತಪ್ಪುವುದಿಲ್ಲವೇ, ಹನ್ನೆರಡು, ಚೆನ್ನಾಗಿದ್ದಾಳೆ ಎನ್ನಲು ಒಂದು ಪದ ಸಾಕಲ್ಲ ಭಾವ, ಬರೆದು, ಅಳಿಸಿ, ಮತ್ತೆ ಬರೆದು, ಅಷ್ಟೊಂದು ಏನಿತ್ತು ಬರೆಯಲು, ಹದಿಮೂರು, ಒಂದು ಪದ ಸಾಕಲ್ಲ, ಹದಿಮೂರು, ಮಂಕು ಕಿಟಕಿ, ಮೂರು ಚುಕ್ಕೆ, ಹದಿಮೂರು, ಮೂರು ಚುಕ್ಕೆ —